ಪ್ರಶ್ನೋತ್ತರ: ನೆಲ ನಡುಗಿದಲ್ಲೆಲ್ಲ ಮನೆ ಬೀಳುವುದಿಲ್ಲ

ವಿಪತ್ತುಗಳ ಕುರಿತು ಪ್ರಶ್ನೆ ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಓದುಗರನ್ನು ಕೋರಿದ್ದೆವು. ಬಂದ ಪತ್ರಗಳಲ್ಲಿ ಹಲವು ಒಂದೇ ಸಂದೇಹವನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದರಿಂದ ಅಂಥವನ್ನು ಒಂದುಗೂಡಿಸಿದ್ದೇವೆ. ಚರ್ಚೆಗೆ ಎಡೆಯಿರುವಲ್ಲಿ ಉತ್ತರ ಉದ್ದವಾಗಿದೆ. ನೇರ ಉತ್ತರವಿರುವಲ್ಲಿ ನಾಲ್ಕು ಮಾತಿಗೇ ನಿಲ್ಲಿಸಿದ್ದೇವೆ.

ಪ್ರಶ್ನೆ: ಪ್ರಕೃತಿ ವಿಕೋಪಗಳು ಮೊದಲಿಗಿಂತ ಹೆಚ್ಚಾಗಿವೆಯೆ, ಅಥವಾ ಸುದ್ದಿ ಬೇಗ ತಲುಪುವುದರಿಂದ ನಮಗೆ ಹಾಗೆ ತೋರುತ್ತಿದೆಯೆ?

ಉತ್ತರ: ಎರಡರಲ್ಲೂ ನಿಜವಿದೆ. ಆದರೆ ಹೆಚ್ಚಾಗಿವೆ ಎನ್ನುವಾಗ ನಾವು ಎಣಿಸುತ್ತಿರುವುದು ಏನನ್ನು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ವಿಶ್ವ ಹವಾಮಾನ ಸಂಸ್ಥೆಯು 1970ರಿಂದ 2019ರವರೆಗಿನ ಐವತ್ತು ವರ್ಷಗಳ ಲೆಕ್ಕವನ್ನು 2021ರಲ್ಲಿ ಪ್ರಕಟಿಸಿತು. ಹವಾಮಾನಕ್ಕೂ ನೀರಿಗೂ ಸಂಬಂಧಿಸಿದ 11,000ಕ್ಕೂ ಹೆಚ್ಚು ವಿಪತ್ತುಗಳು ಆ ಅವಧಿಯಲ್ಲಿ ದಾಖಲಾಗಿದ್ದು, ಅವುಗಳಿಂದ 20 ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದಾರೆ ಮತ್ತು 3.64 ಲಕ್ಷ ಕೋಟಿ ಡಾಲರ್ ನಷ್ಟವಾಗಿದೆ. ದಾಖಲಾದ ವಿಪತ್ತುಗಳ ಸಂಖ್ಯೆ ಈ ಐವತ್ತು ವರ್ಷಗಳಲ್ಲಿ ಐದು ಪಟ್ಟು ಏರಿತು, ನಷ್ಟ ಏಳು ಪಟ್ಟು ಏರಿತು. ಸಾವು ಮಾತ್ರ ಇಳಿಯಿತು. 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 50,000ಕ್ಕೂ ಹೆಚ್ಚಿದ್ದ ಸಾವು 2010ರ ದಶಕದಲ್ಲಿ 20,000ಕ್ಕಿಂತ ಕೆಳಗೆ ಬಂತು. ಇದೇ ಅವಧಿಯಲ್ಲಿ ಜಗತ್ತಿನ ಜನಸಂಖ್ಯೆ ಸುಮಾರು 370 ಕೋಟಿಯಿಂದ 770 ಕೋಟಿಗೆ ಬೆಳೆದದ್ದನ್ನು ನೆನೆದರೆ ಈ ಇಳಿಕೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಸಂಖ್ಯೆಯ ಏರಿಕೆಯಲ್ಲಿ ಒಂದು ಪಾಲು ದಾಖಲೆ ಸುಧಾರಿಸಿದ್ದರಿಂದ ಬಂದದ್ದು. ಹಿಂದೆ ದೂರದ ಕಣಿವೆಯೊಂದರ ಪ್ರವಾಹ ಯಾವ ಪಟ್ಟಿಗೂ ಸೇರುತ್ತಿರಲಿಲ್ಲ. ಇನ್ನೊಂದು ಪಾಲು ಹವಾಮಾನದ ಬದಲಾವಣೆಯಿಂದ ಬಂದದ್ದು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆಯಾದ್ದರಿಂದ ಸುರಿದರೆ ಒಮ್ಮೆಲೇ ಸುರಿಯುವ ಮಳೆ ಹೆಚ್ಚಾಗಿದೆ, ಬಿಸಿಗಾಳಿಯ ದಿನಗಳೂ ಹೆಚ್ಚಾಗಿವೆ. ಭೂಕಂಪಗಳ ಕಥೆ ಬೇರೆ. 7 ಅಥವಾ ಅದಕ್ಕಿಂತ ಹೆಚ್ಚಿನ ತೀವ್ರತೆಯ ಭೂಕಂಪಗಳು ವರ್ಷಕ್ಕೆ ಸರಾಸರಿ ಹದಿನೈದು ಹದಿನಾರು ಆಗುತ್ತವೆ. ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ ಆದೀತೇ ಹೊರತು ಅವು ಏರುತ್ತಿವೆ ಎನ್ನಲು ಆಧಾರವಿಲ್ಲ.

ಪ್ರಶ್ನೆ: ಅಪಾಯದ ಜಾಗತಿಕ ನಕ್ಷೆಗಳನ್ನು ನೋಡುವಾಗ ಗೊಂದಲವಾಗುತ್ತದೆ. ಒಂದರಲ್ಲಿ ಜಪಾನ್, ಚಿಲಿ ಕಡುಗೆಂಪಾಗಿದ್ದರೆ ಇನ್ನೊಂದರಲ್ಲಿ ಹೈಟಿ ಕೆಂಪಾಗಿದೆ, ಚಿಲಿಯ ಬಣ್ಣ ತಿಳಿಯಾಗಿದೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬಹುದು, ಏಕೆಂದರೆ ಅವು ಉತ್ತರಿಸುತ್ತಿರುವುದು ಎರಡು ಬೇರೆ ಪ್ರಶ್ನೆಗಳಿಗೆ. ಮೊದಲನೆಯದು ನೆಲ ಎಲ್ಲಿ ಎಷ್ಟು ನಡುಗುತ್ತದೆ, ಗಾಳಿ ಎಲ್ಲಿ ಎಷ್ಟು ಬೀಸುತ್ತದೆ ಎಂಬುದನ್ನಷ್ಟೇ ತೋರಿಸುತ್ತದೆ. ಎರಡನೆಯದು ಆ ನಡುಕದ, ಆ ಗಾಳಿಯ ದಾರಿಯಲ್ಲಿ ಎಷ್ಟು ಜನರಿದ್ದಾರೆ, ಪೆಟ್ಟು ಬಿದ್ದರೆ ಅದನ್ನು ತಾಳಿಕೊಳ್ಳುವ ಶಕ್ತಿ ಅವರಿಗೆ ಎಷ್ಟಿದೆ ಎಂಬುದನ್ನೂ ಸೇರಿಸಿ ಗುಣಿಸುತ್ತದೆ. ಇಲ್ಲಿ ಗುಣಾಕಾರ ಮುಖ್ಯ. ಮರುಭೂಮಿಯ ನಡುವೆ ಎಷ್ಟೇ ದೊಡ್ಡ ಭೂಕಂಪವಾದರೂ ಅಲ್ಲಿ ಯಾರೂ ಇಲ್ಲವೆಂದರೆ ಗುಣಲಬ್ಧ ಸೊನ್ನೆ. 2005ರಲ್ಲಿ ವಿಶ್ವಬ್ಯಾಂಕ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯ ಭೂಮಿಯನ್ನು ಸಣ್ಣ ಚೌಕಗಳಾಗಿ ಭಾಗಿಸಿ ಭೂಕಂಪ, ಜ್ವಾಲಾಮುಖಿ, ಭೂಕುಸಿತ, ಪ್ರವಾಹ, ಬರ, ಚಂಡಮಾರುತ ಎಂಬ ಆರು ಅಪಾಯಗಳನ್ನು ಪ್ರತಿ ಚೌಕಕ್ಕೂ ಲೆಕ್ಕ ಹಾಕಿದಾಗ, ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನ ಇವುಗಳಲ್ಲಿ ಒಂದಾದರೂ ತೀವ್ರವಾಗಿರುವ ಕಡೆ ಬದುಕುತ್ತಿರುವುದು ಕಂಡುಬಂತು.

ನೀವು ಹೆಸರಿಸಿದ ಎರಡು ದೇಶಗಳೇ ಇದಕ್ಕೆ ಒಳ್ಳೆಯ ನಿದರ್ಶನ. 2010ರ ಜನವರಿ 12ರಂದು ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪವಾಯಿತು. ಅದೇ ವರ್ಷ ಫೆಬ್ರುವರಿ 27ರಂದು ಚಿಲಿಯಲ್ಲಿ 8.8 ತೀವ್ರತೆಯದು. ಎರಡನೆಯದು ಹೊರಹಾಕಿದ ಶಕ್ತಿ ಮೊದಲನೆಯದರ ಸುಮಾರು 500 ಪಟ್ಟು. ಸತ್ತವರು ಚಿಲಿಯಲ್ಲಿ 500ರ ಆಸುಪಾಸು. ಹೈಟಿಯಲ್ಲಿ ಒಂದು ಲಕ್ಷದಿಂದ ಮೂರು ಲಕ್ಷಕ್ಕೂ ಮೇಲಿನವರೆಗೆ ಅಂದಾಜುಗಳಿವೆ. ತನ್ನ ಸತ್ತವರನ್ನು ಎಣಿಸಲೂ ಆಗದ ಸ್ಥಿತಿಯಲ್ಲಿ ಒಂದು ದೇಶವಿತ್ತು ಎಂಬುದನ್ನು ಈ ಅಂದಾಜುಗಳ ನಡುವಿನ ಅಂತರವೇ ಹೇಳುತ್ತದೆ.

ಈ ಹೋಲಿಕೆಯನ್ನು ಅನೇಕರು ಅಷ್ಟಕ್ಕೇ ಬಿಟ್ಟುಬಿಡುತ್ತಾರೆ, ಅದು ಪೂರ್ತಿ ನ್ಯಾಯವಲ್ಲ. ಚಿಲಿಯ ಭೂಕಂಪದ ಕೇಂದ್ರ ಕರಾವಳಿಯಾಚೆ ಕಡಲಿನಡಿ ಇತ್ತು. ಹೈಟಿಯದು ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಹೆಚ್ಚು ಆಳವಿಲ್ಲದ ನೆಲದಲ್ಲಿತ್ತು. ಆದರೂ ವ್ಯತ್ಯಾಸದ ಬಹುಪಾಲು ಕಟ್ಟಡಗಳದ್ದೇ. 1960ರಲ್ಲಿ 9.5 ತೀವ್ರತೆಯ, ಅಂದರೆ ಉಪಕರಣಗಳು ಈವರೆಗೆ ದಾಖಲಿಸಿದವುಗಳಲ್ಲೇ ಅತಿ ದೊಡ್ಡ ಭೂಕಂಪವನ್ನು ಕಂಡ ಚಿಲಿ, ಅಲ್ಲಿಂದ ಮುಂದೆ ಕಟ್ಟಡ ನಿಯಮಗಳನ್ನು ಬಿಗಿಗೊಳಿಸುತ್ತ ಬಂತು. ಕಟ್ಟಡ ಕಟ್ಟಿಸಿ ಮಾರಿದವನು ಅದರ ಮೂಲರಚನೆಯ ದೋಷಗಳಿಗೆ ಹತ್ತು ವರ್ಷ ಹೊಣೆಗಾರನೆಂದು ಅಲ್ಲಿನ ಕಾನೂನು ಹೇಳುತ್ತದೆ. ಹೈಟಿಯಲ್ಲಿ ಅಂಥ ನಿಯಮ ಜಾರಿಯಲ್ಲಿರಲಿಲ್ಲ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ: ಅಲ್ಲಿನ ಜನರಿಗೆ ವರ್ಷವರ್ಷವೂ ನೆನಪಾಗುತ್ತಿದ್ದ ಅಪಾಯ ಚಂಡಮಾರುತವಾದ್ದರಿಂದ ಗಾಳಿಗೆ ಹಾರದಂಥ ಭಾರವಾದ ಕಾಂಕ್ರೀಟ್ ಚಾವಣಿ ಅವರಿಗೆ ಸುರಕ್ಷಿತವಾಗಿ ಕಂಡಿತ್ತು. ಕೆಳಗಿನ ಕಂಬಗಳು ಬಲವಾಗಿಲ್ಲದಿದ್ದಾಗ ಅದೇ ಚಾವಣಿ ಭೂಕಂಪದಲ್ಲಿ ಕೊಲ್ಲುತ್ತದೆ. ಆ ನಗರದಲ್ಲಿ ದೊಡ್ಡ ಭೂಕಂಪವನ್ನು ಕಂಡವರು ಯಾರೂ ಬದುಕಿರಲಿಲ್ಲ.

ದೇಶವಾರು ಸೂಚ್ಯಂಕಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅವು ಸರಾಸರಿಗಳು. 2005ರಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರಕ್ಕೆ ಅಪ್ಪಳಿಸುವ ಮುನ್ನ ಊರು ಬಿಡುವಂತೆ ಆದೇಶ ಹೊರಟಿತ್ತು. ಕಾರು ಇದ್ದವರು ಹೊರಟರು, ಇಲ್ಲದವರಲ್ಲಿ ಬಹಳಷ್ಟು ಮಂದಿ ಉಳಿದರು. ಆ ದೇಶದ ಸರಾಸರಿ ಆದಾಯ ಅವರ ಯಾವ ಕೆಲಸಕ್ಕೂ ಬರಲಿಲ್ಲ.

ಪ್ರಶ್ನೆ: ದುರ್ಬಲ ವರ್ಗ ಎಂದಾಗ ಬಡವರು ಎಂದೇ ಅರ್ಥವೆ? ಜನರನ್ನು ದುರ್ಬಲರೆಂದು ಕರೆಯುವುದೇ ಅವರ ಮೇಲೆ ತಪ್ಪು ಹೊರಿಸಿದಂತಲ್ಲವೆ?

ಉತ್ತರ: ನಿಮ್ಮ ಎರಡನೆಯ ಆಕ್ಷೇಪ ಸರಿಯಾದದ್ದು. ದುರ್ಬಲತೆ ವ್ಯಕ್ತಿಗೆ ಅಂಟಿದ ಗುಣವಲ್ಲ. ಅವರನ್ನು ಸುತ್ತುವರಿದ ಸ್ಥಿತಿ. ಒಬ್ಬರೇ ಮನುಷ್ಯ ಒಂದು ಅಪಾಯದೆದುರು ಗಟ್ಟಿಯಾಗಿರಬಹುದು, ಇನ್ನೊಂದರೆದುರು ನಿಸ್ಸಹಾಯಕರಾಗಬಹುದು. ಬಡತನ ಅದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಮೇಲೆ ಹೇಳಿದ ಐವತ್ತು ವರ್ಷಗಳ ಲೆಕ್ಕದಲ್ಲಿ ಸಾವುಗಳ ಶೇ 91ರಷ್ಟು ಅಭಿವೃದ್ಧಿಶೀಲ ದೇಶಗಳಲ್ಲೇ ಆಗಿವೆ. ಆದರೆ ಬಡತನವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು.

2003ರ ಆಗಸ್ಟ್‌ನಲ್ಲಿ ಯುರೋಪಿಗೆ ಬಿಸಿಗಾಳಿ ಬಂದಾಗ ಆ ಬೇಸಿಗೆಯಲ್ಲಿ ಸುಮಾರು 70,000 ಜನ ಸತ್ತರು, ಅವರಲ್ಲಿ ಸುಮಾರು 15,000 ಮಂದಿ ಫ್ರಾನ್ಸಿನವರು. ಹೆಚ್ಚಿನವರು ವೃದ್ಧರು. ಮೇಲಿನ ಮಹಡಿಗಳ ಕಾದ ಕೋಣೆಗಳಲ್ಲಿ ಒಂಟಿಯಾಗಿ ವಾಸಿಸುತ್ತಿದ್ದವರು ಅವರಲ್ಲಿ ಬಹಳಷ್ಟು. ಅದು ರಜೆಯ ತಿಂಗಳಾದ್ದರಿಂದ ಮನೆಯವರೂ ನೆರೆಯವರೂ ವೈದ್ಯರೂ ಊರಿನಲ್ಲಿರಲಿಲ್ಲ. ಅಲ್ಲಿ ಕೊರತೆಯಾದದ್ದು ದಿನಕ್ಕೊಮ್ಮೆ ಬಾಗಿಲು ತಟ್ಟಿ ವಿಚಾರಿಸುವ ಒಬ್ಬ ಮನುಷ್ಯ. ಮುಂದಿನ ವರ್ಷ ಫ್ರಾನ್ಸ್ ರೂಪಿಸಿದ ಬಿಸಿಗಾಳಿ ಯೋಜನೆಯಲ್ಲಿ, ಒಂಟಿ ವೃದ್ಧರ ಪಟ್ಟಿಯನ್ನು ಸ್ಥಳೀಯ ಆಡಳಿತ ಇಟ್ಟುಕೊಂಡು ಅವರನ್ನು ಸಂಪರ್ಕಿಸುವ ವ್ಯವಸ್ಥೆಯೂ ಸೇರಿತು.

ಜಪಾನಿನ 2011ರ ಸುನಾಮಿಯಲ್ಲಿ ಸತ್ತವರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಅರವತ್ತು ದಾಟಿದವರು. ಬಾಂಗ್ಲಾದೇಶದ 1991ರ ಚಂಡಮಾರುತದಲ್ಲಿ ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚು ಸತ್ತರು. ಎಚ್ಚರಿಕೆ ಬಂದಾಗ ಮನೆಯ ಯಜಮಾನ ಬರಲೆಂದು ಕಾದದ್ದು, ಅಪರಿಚಿತ ಗಂಡಸರೊಂದಿಗೆ ಆಶ್ರಯತಾಣದಲ್ಲಿ ಇರಲು ಹಿಂಜರಿದದ್ದು, ಮಕ್ಕಳನ್ನು ಎತ್ತಿಕೊಂಡೇ ಓಡಬೇಕಾದದ್ದು, ನೀರಿನಲ್ಲಿ ಸೀರೆ ಕಾಲಿಗೆ ಸುತ್ತಿಕೊಂಡದ್ದು, ಇವೆಲ್ಲ ಕಾರಣಗಳಾದವು. ಇವುಗಳಲ್ಲಿ ಯಾವುದನ್ನೂ ಹವಾಮಾನ ಇಲಾಖೆಯ ಉಪಗ್ರಹ ಚಿತ್ರ ತೋರಿಸುವುದಿಲ್ಲ. ಅಂಗವಿಕಲರು, ಆ ಊರಿನ ಭಾಷೆ ಬಾರದ ವಲಸಿಗರು, ಆಸ್ಪತ್ರೆಯಲ್ಲಿ ಮಲಗಿದವರು, ಸೆರೆಮನೆಯಲ್ಲಿರುವವರು ಈ ಪಟ್ಟಿಗೆ ಸೇರುತ್ತಾರೆ.

ಪ್ರಶ್ನೆ: ಭೂಕಂಪವನ್ನು ಮೊದಲೇ ಹೇಳಲು ಸಾಧ್ಯವೆ?

ಉತ್ತರ: ಇಂಥ ದಿನ, ಇಂಥ ಕಡೆ, ಇಷ್ಟು ತೀವ್ರತೆ ಎಂದು ಹೇಳಲು ಇಂದಿಗೂ ಸಾಧ್ಯವಿಲ್ಲ. ಚೀನಾದ ಹೈಚೆಂಗ್‌ನಲ್ಲಿ 1975ರ ಫೆಬ್ರುವರಿಯಲ್ಲಿ ಮುನ್ನಡುಕಗಳ ಸರಣಿಯನ್ನು ಗಮನಿಸಿ ಜನರನ್ನು ಹೊರಗೆ ಕಳುಹಿಸಿದ್ದರಿಂದ ಬಹಳ ಜೀವಗಳು ಉಳಿದವು. ಮರುವರ್ಷ ಜುಲೈ 28ರಂದು ಟಾಂಗ್‌ಷಾನ್‌ನಲ್ಲಿ ಅಂಥ ಸುಳಿವೇ ಸಿಗದೆ, ಅಧಿಕೃತ ಲೆಕ್ಕದಂತೆಯೇ 2,42,000 ಜನ ಸತ್ತರು. ಮೆಕ್ಸಿಕೋದಲ್ಲಿ 1991ರಿಂದ, ಜಪಾನಿನಲ್ಲಿ ಸಾರ್ವಜನಿಕರಿಗಾಗಿ 2007ರಿಂದ ಇರುವ ವ್ಯವಸ್ಥೆ ಮುನ್ಸೂಚನೆಯಲ್ಲ. ಭೂಕಂಪ ಆರಂಭವಾದ ಮೇಲೆ ಅದರ ಅಲೆಗಳು ದೂರದ ಊರನ್ನು ಮುಟ್ಟುವ ಮೊದಲು ಕೆಲವು ಸೆಕೆಂಡುಗಳಿಂದ ಒಂದು ನಿಮಿಷದಷ್ಟು ಸಮಯ ದೊರಕಿಸುವ ಎಚ್ಚರಿಕೆ ಅದು. ರೈಲು ನಿಲ್ಲಿಸಲು, ಅನಿಲದ ಕೊಳವೆ ಮುಚ್ಚಲು, ಮೇಜಿನಡಿ ನುಸುಳಲು ಅಷ್ಟು ಸಮಯ ಸಾಕು. ಕೇಂದ್ರದ ನೆತ್ತಿಯ ಮೇಲೇ ಇರುವ ಊರಿಗೆ ಅದೂ ಸಿಗುವುದಿಲ್ಲ.

ಪ್ರಶ್ನೆ: ಎಚ್ಚರಿಕೆ ಕೊಟ್ಟರೂ ಜನ ಮನೆ ಬಿಡುವುದಿಲ್ಲವೆಂದು ಪ್ರತಿ ಸಲ ಅಧಿಕಾರಿಗಳು ದೂರುತ್ತಾರೆ. ತಪ್ಪು ಯಾರದು?

ಉತ್ತರ: ಹೆಚ್ಚಿನ ಸಲ ಎಚ್ಚರಿಕೆಯದು. ಮಾತು ಕಟುವಾಯಿತೆನ್ನಿಸಿದರೆ ಕೊಲಂಬಿಯಾದ ಆರ್ಮೆರೊ ಪಟ್ಟಣದ ಕಥೆಯನ್ನು ನೋಡಬೇಕು. ನೆವಾಡೊ ಡೆಲ್ ರೂಯಿಸ್ ಎಂಬ ಹಿಮ ಮುಚ್ಚಿದ ಜ್ವಾಲಾಮುಖಿ 1985ರಲ್ಲಿ ತಿಂಗಳುಗಟ್ಟಲೆ ಗೊಣಗುತ್ತಿತ್ತು. ಸ್ಫೋಟವಾದರೆ ಹಿಮ ಕರಗಿ ಕೆಸರಿನ ಪ್ರವಾಹ ಕಣಿವೆಗಳಲ್ಲಿ ಇಳಿಯುತ್ತದೆಂದೂ ಆರ್ಮೆರೊ ಅದರ ದಾರಿಯಲ್ಲಿದೆಯೆಂದೂ ತೋರಿಸುವ ನಕ್ಷೆ ಅಕ್ಟೋಬರ್‌ನಲ್ಲೇ ಸಿದ್ಧವಾಗಿತ್ತು. 1845ರಲ್ಲಿ ಅಂಥದೇ ಕೆಸರು ಹರಿದು ನಿಂತ ನೆಲದ ಮೇಲೆಯೇ ಆ ಪಟ್ಟಣ ಬೆಳೆದಿತ್ತು. ನವೆಂಬರ್ 13ರ ಮಧ್ಯಾಹ್ನ ಬೂದಿ ಬಿದ್ದಾಗ ಜನ ಗಾಬರಿಗೊಂಡರು. ಶಾಂತವಾಗಿರಿ, ಮನೆಯೊಳಗೇ ಇರಿ ಎಂಬ ಮಾತು ರೇಡಿಯೊದಲ್ಲಿ ಬಂತು. ರಾತ್ರಿ ಒಂಬತ್ತರ ಸುಮಾರಿಗೆ ಸ್ಫೋಟವಾಯಿತು. ಕೆಸರು ಪಟ್ಟಣಕ್ಕೆ ಬಂದದ್ದು ಹನ್ನೊಂದೂವರೆಯ ಹೊತ್ತಿಗೆ. ನಡುವೆ ಎರಡು ಗಂಟೆಗೂ ಮಿಕ್ಕಿ ಸಮಯವಿತ್ತು, ಎತ್ತರದ ನೆಲ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಆ ರಾತ್ರಿ ಒಟ್ಟು ಸುಮಾರು 23,000 ಜನ ಸತ್ತರು. ಜ್ವಾಲಾಮುಖಿಯ ಲೆಕ್ಕದಲ್ಲಿ ಆ ಸ್ಫೋಟ ಸಣ್ಣದು. ಆರು ವರ್ಷಗಳ ನಂತರ, 1991ರ ಜೂನ್‌ನಲ್ಲಿ, ಫಿಲಿಪೀನ್ಸ್‌ನ ಪಿನಾಟುಬೊ ಅದಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಸಿಡಿದಾಗ, ವಿಜ್ಞಾನಿಗಳ ಮಾತಿನಂತೆ ಹತ್ತಾರು ಸಾವಿರ ಜನರನ್ನು ಮೊದಲೇ ತೆರವುಗೊಳಿಸಿದ್ದರಿಂದ ಸಾವು ಕೆಲವು ನೂರಕ್ಕೆ ನಿಂತಿತು. ಅವರಲ್ಲಿ ಹೆಚ್ಚಿನವರು ಮಳೆಯಲ್ಲಿ ನೆನೆದು ಭಾರವಾದ ಬೂದಿಯ ತೂಕಕ್ಕೆ ಚಾವಣಿ ಕುಸಿದು ಸತ್ತವರು.

ಎಚ್ಚರಿಕೆ ಎಂದರೆ ಒಂದು ವಾಕ್ಯವಲ್ಲ, ಒಂದು ಸರಪಳಿ. ಅಪಾಯವನ್ನು ಅಳೆಯುವವರು, ಅದನ್ನು ಅರ್ಥವಾಗುವ ಮಾತಿಗೆ ಇಳಿಸುವವರು, ಕಟ್ಟಕಡೆಯ ಮನೆಗೆ ಮುಟ್ಟಿಸುವವರು, ಮತ್ತು ಮುಟ್ಟಿದ ಮೇಲೆ ಹೋಗಲು ಒಂದು ಜಾಗ: ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ಉಳಿದವು ವ್ಯರ್ಥ. ಜನ ಮನೆ ಬಿಡದಿರಲು ಅವರದೇ ಆದ ಲೆಕ್ಕಾಚಾರವಿರುತ್ತದೆ. ದನಕರುಗಳನ್ನು ಬಿಟ್ಟು ಹೋದರೆ ಬದುಕೇ ಹೋಗುತ್ತದೆ. ಮನೆ ಬರಿದಾದರೆ ಕಳ್ಳತನವಾಗುತ್ತದೆ. ಕಳೆದ ಸಲ ಎಚ್ಚರಿಕೆ ಬಂದಾಗ ಏನೂ ಆಗಲಿಲ್ಲ. ಆಶ್ರಯತಾಣದಲ್ಲಿ ಕುಡಿಯಲು ನೀರಿರಲಿಲ್ಲ. ಇವುಗಳಿಗೆ ಉತ್ತರ ಕೊಡದೆ ಧ್ವನಿವರ್ಧಕದ ಶಬ್ದ ಏರಿಸಿದರೆ ಪ್ರಯೋಜನವಿಲ್ಲ.

ಉತ್ತರ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶಕ್ಕಿಂತ ದೊಡ್ಡ ಸಾಕ್ಷಿಯನ್ನು ನಾವು ಕಾಣೆವು. 1970ರ ನವೆಂಬರ್‌ನ ಚಂಡಮಾರುತ ಅಲ್ಲಿ ಮೂರರಿಂದ ಐದು ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. 1991ರಲ್ಲಿ ಸತ್ತವರು ಸುಮಾರು 1,38,000. 2007ರ ಸಿಡ್ರ್ ಚಂಡಮಾರುತದಲ್ಲಿ ಸುಮಾರು 3,400. 2020ರ ಅಂಫನ್‌ನಲ್ಲಿ ಆ ದೇಶದಲ್ಲಿ ಸತ್ತವರ ಸಂಖ್ಯೆ ಕೆಲವು ಹತ್ತುಗಳನ್ನು ಮೀರಲಿಲ್ಲ. ಕಡಲು ತಗ್ಗಲಿಲ್ಲ, ಗಾಳಿ ಮೆತ್ತಗಾಗಲಿಲ್ಲ, ದೇಶ ಶ್ರೀಮಂತವೂ ಆಗಿರಲಿಲ್ಲ. ಕಂಬಗಳ ಮೇಲೆ ನಿಂತ ಕಾಂಕ್ರೀಟ್ ಆಶ್ರಯತಾಣಗಳು ಬಂದವು. ಮಿಕ್ಕ ದಿನಗಳಲ್ಲಿ ಅವುಗಳಲ್ಲಿ ಹಲವು ಶಾಲೆಗಳಾಗಿ ಬಳಕೆಯಾದ್ದರಿಂದ ಪಾಳು ಬೀಳಲಿಲ್ಲ. ಜಾನುವಾರುಗಳಿಗಾಗಿ ಎತ್ತರದ ಮಣ್ಣುದಿಬ್ಬಗಳನ್ನು ಕಟ್ಟಲಾಯಿತು. ಸೈಕಲ್ ಮೇಲೆ, ಕಾಲ್ನಡಿಗೆಯಲ್ಲಿ, ಕೈಧ್ವನಿವರ್ಧಕ ಹಿಡಿದು ಹೋಗುವ ಸ್ವಯಂಸೇವಕರ ಪಡೆ 76,000ಕ್ಕೆ ಬೆಳೆಯಿತು, ಅವರಲ್ಲಿ ಅರ್ಧ ಭಾಗ ಹೆಂಗಸರು. ಬಾಗಿಲಿಗೆ ಬಂದು ಕರೆಯುವವಳು ಪರಿಚಯದವಳೇ ಆಗಿದ್ದರೆ ಹೊರಡುವ ಮನಸ್ಸು ಬೇಗ ಬರುತ್ತದೆ. ಹೋಲಿಕೆಗೆ ಪಕ್ಕದ ಮ್ಯಾನ್ಮಾರ್ ಅನ್ನು ನೋಡಬಹುದು: ಸಿಡ್ರ್ ಬಂದ ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಇಂಥ ಸಿದ್ಧತೆಯಿಲ್ಲದ ಆ ದೇಶದಲ್ಲಿ ನರ್ಗಿಸ್ ಚಂಡಮಾರುತಕ್ಕೆ ಸತ್ತವರು ಮತ್ತು ಕಣ್ಮರೆಯಾದವರು ಸುಮಾರು 1,38,000.

ಯಾವ ಉಪಕರಣವೂ ಇಲ್ಲದೆ ಸರಪಳಿ ಪೂರ್ಣವಾಗಿದ್ದ ಉದಾಹರಣೆಯೂ ಒಂದಿದೆ. ಇಂಡೋನೇಷ್ಯಾದ ಸಿಮೆಲುವೆ ದ್ವೀಪ 2004ರ ಡಿಸೆಂಬರ್ 26ರ ಭೂಕಂಪದ ಕೇಂದ್ರಕ್ಕೆ ತೀರ ಹತ್ತಿರದಲ್ಲಿತ್ತು. ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. 1907ರಲ್ಲಿ ಅಲ್ಲಿ ಬಂದ ಸುನಾಮಿಯ ನೆನಪು 'ಸ್ಮಾಂಗ್' ಎಂಬ ಒಂದೇ ಪದದಲ್ಲಿ, ಅಜ್ಜಿಯರ ಕಥೆಗಳಲ್ಲಿ ಮತ್ತು ಜೋಗುಳಗಳಲ್ಲಿ ಉಳಿದಿತ್ತು: ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಕಾಯಬೇಡ, ಗುಡ್ಡ ಹತ್ತು. ಜನ ಹತ್ತಿದರು.

ಪ್ರಶ್ನೆ: ನದಿಗೆ ಏರಿ, ಕಡಲಿಗೆ ತಡೆಗೋಡೆ, ಮೇಲೆ ಅಣೆಕಟ್ಟು ಕಟ್ಟಿದರೆ ಪ್ರವಾಹದ ಸಮಸ್ಯೆ ಮುಗಿಯುವುದಿಲ್ಲವೆ?

ಉತ್ತರ: ಗೋಡೆ ಬೇಕು, ಆದರೆ ಗೋಡೆಗೆ ಒಂದು ವಿಚಿತ್ರ ಗುಣವಿದೆ. ಅದು ಸಣ್ಣ ಪ್ರವಾಹಗಳನ್ನೆಲ್ಲ ತಡೆದು ಜನರಿಂದ ಪ್ರವಾಹದ ನೆನಪನ್ನೇ ತೆಗೆದುಹಾಕುತ್ತದೆ. ನೆನಪು ಹೋದ ಮೇಲೆ ಗೋಡೆಯ ಹಿಂದಿನ ತಗ್ಗಿನಲ್ಲಿ ಬಡಾವಣೆಗಳು ಏಳುತ್ತವೆ. ಗೋಡೆ ಮೀರುವಂಥ ನೀರು ಒಂದು ದಿನ ಬಂದಾಗ ಹಿಂದೆ ಇದ್ದುದಕ್ಕಿಂತ ಎಷ್ಟೋ ಹೆಚ್ಚು ಜನ ಅದರ ದಾರಿಯಲ್ಲಿರುತ್ತಾರೆ. ಅಮೆರಿಕದ ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ ಈ ಸಂಗತಿಯನ್ನು 1940ರ ದಶಕದಲ್ಲೇ ಎತ್ತಿ ತೋರಿಸಿ, ಪ್ರವಾಹ ದೈವದ್ದಾದರೂ ಅದರ ನಷ್ಟ ಬಹುಮಟ್ಟಿಗೆ ಮನುಷ್ಯನದು ಎಂಬರ್ಥದ ಮಾತು ಬರೆದಿದ್ದರು. 1953ರ ಕಡಲುಬ್ಬರದಲ್ಲಿ 1,836 ಜನರನ್ನು ಕಳೆದುಕೊಂಡ ನೆದರ್‌ಲೆಂಡ್ಸ್ ಮೊದಲು ಜಗತ್ತಿನಲ್ಲೇ ಹೆಸರಾದ ತಡೆಗಳನ್ನು ಕಟ್ಟಿತು. 1990ರ ದಶಕದಲ್ಲಿ ನದಿಗಳು ಉಕ್ಕಿ ಎರಡೂವರೆ ಲಕ್ಷದಷ್ಟು ಜನರನ್ನು ತೆರವುಗೊಳಿಸಬೇಕಾಗಿ ಬಂದ ಮೇಲೆ ಅದೇ ದೇಶ ಕೆಲವು ಕಡೆ ಏರಿಗಳನ್ನು ಹಿಂದಕ್ಕೆ ಸರಿಸಿ, ನದಿಗೆ ಹರಡಿಕೊಳ್ಳಲು ಜಾಗ ಬಿಟ್ಟುಕೊಟ್ಟಿತು.

ಕಟ್ಟಿದ್ದನ್ನು ನೋಡಿಕೊಳ್ಳದಿದ್ದರೆ ಆಗುವುದು ಇನ್ನೂ ಕೆಟ್ಟದ್ದು. ಲಿಬಿಯಾದ ಡೆರ್ನಾ ನಗರವನ್ನು ಪ್ರವಾಹದಿಂದ ಕಾಪಾಡಲೆಂದು 1970ರ ದಶಕದಲ್ಲಿ ಕಟ್ಟಿದ್ದ ಎರಡು ಅಣೆಕಟ್ಟುಗಳು, ವರ್ಷಗಳಿಂದ ತಕ್ಕ ದುರಸ್ತಿಯಿಲ್ಲದೆ ಇದ್ದು, 2023ರ ಸೆಪ್ಟೆಂಬರ್‌ನ ಬಿರುಗಾಳಿ ಮಳೆಗೆ ಒಡೆದು ನಗರದ ಒಂದು ಭಾಗವನ್ನೇ ಕಡಲಿಗೆ ಒಯ್ದವು. ಸಾವಿರಾರು ಜನ ಸತ್ತರು.

ಗೋಡೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಜಪಾನಿನ ಫುದಾಯ್ ಎಂಬ ಸಣ್ಣ ಹಳ್ಳಿಯ ಅಧ್ಯಕ್ಷ ಕೋಟೋಕು ವಾಮುರಾ, 1933ರ ಸುನಾಮಿಯ ನಂತರದ ದೃಶ್ಯವನ್ನು ಕಣ್ಣಾರೆ ಕಂಡಿದ್ದವರು, 15.5 ಮೀಟರ್ ಎತ್ತರದ ತೂಬುಗೋಡೆ ಬೇಕೆಂದು ಪಟ್ಟು ಹಿಡಿದರು. ಇಷ್ಟು ಎತ್ತರ ಏಕೆ, ಹಣ ಪೋಲು ಎಂದು ಜನ ಆಡಿಕೊಂಡರು. 1984ರಲ್ಲಿ ಅದು ಮುಗಿಯಿತು. 2011ರಲ್ಲಿ ಸುತ್ತಲಿನ ಊರುಗಳು ಕೊಚ್ಚಿಹೋದಾಗ ಫುದಾಯ್‌ನ ಮನೆಗಳು ಉಳಿದವು. ಕಣ್ಮರೆಯಾದವರು ಒಬ್ಬರೇ, ಅವರು ತಮ್ಮ ದೋಣಿ ನೋಡಲೆಂದು ಗೋಡೆಯಾಚೆ ಹೋಗಿದ್ದವರು. ಅದೇ ಕರಾವಳಿಯ ತಾರೋ ಪಟ್ಟಣದ ಪ್ರಸಿದ್ಧ ಗೋಡೆ ಹತ್ತು ಮೀಟರಿನದು. ಅಲೆ ಅದನ್ನು ಹಾರಿ ಬಂತು, ಗೋಡೆಯಿದೆಯಲ್ಲ ಎಂದು ನಂಬಿ ನಿಂತವರೂ ಸತ್ತವರಲ್ಲಿದ್ದರು.

ಪ್ರಶ್ನೆ: ವಿಮೆಯಿಂದ ಪರಿಹಾರವಿಲ್ಲವೆ?

ಉತ್ತರ: ವಿಮೆ ಎದ್ದು ನಿಲ್ಲಲು ನೆರವಾಗುತ್ತದೆ, ಬೀಳುವುದನ್ನು ತಡೆಯುವುದಿಲ್ಲ. ಕೆರಿಬಿಯನ್ ದೇಶಗಳು 2007ರಲ್ಲಿ ಸೇರಿ ಮಾಡಿಕೊಂಡ ವಿಮಾ ನಿಧಿಯಿಂದ 2010ರ ಭೂಕಂಪದ ನಂತರ ಎರಡು ವಾರಗಳೊಳಗೆ ಹೈಟಿಗೆ ಸುಮಾರು 80 ಲಕ್ಷ ಡಾಲರ್ ಬಂತು. ಆ ಹೊತ್ತಿನಲ್ಲಿ ಅದು ದೊಡ್ಡ ಉಪಕಾರವೇ. ಒಟ್ಟು ಹಾನಿ ಸುಮಾರು 780 ಕೋಟಿ ಡಾಲರ್.

ಪ್ರಶ್ನೆ: ತಡೆಗಟ್ಟುವುದು ಅಗ್ಗವೆಂದು ಎಲ್ಲರೂ ಹೇಳುತ್ತಾರೆ. ಹಾಗಾದರೆ ಸರ್ಕಾರಗಳು ಏಕೆ ಮಾಡುವುದಿಲ್ಲ?

ಉತ್ತರ: ಮಾಡಿದ್ದು ಕಾಣುವುದಿಲ್ಲ ಎಂಬುದು ಮೊದಲ ಕಾರಣ. ಬೀಳದೆ ನಿಂತ ಶಾಲೆಯ ಮುಂದೆ ಯಾರೂ ಛಾಯಾಚಿತ್ರ ತೆಗೆಸಿಕೊಳ್ಳುವುದಿಲ್ಲ. ಅಮೆರಿಕದ ಇಬ್ಬರು ರಾಜ್ಯಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಆ ದೇಶದ ಚುನಾವಣಾ ಫಲಿತಾಂಶಗಳನ್ನೂ ವಿಪತ್ತು ವೆಚ್ಚಗಳನ್ನೂ ಹೋಲಿಸಿ, ಮತದಾರರು ಪರಿಹಾರ ಹಂಚಿದ ಆಡಳಿತಕ್ಕೆ ಪ್ರತಿಫಲ ಕೊಡುತ್ತಾರೆ, ಮುನ್ಸಿದ್ಧತೆಗೆ ಖರ್ಚು ಮಾಡಿದ ಆಡಳಿತಕ್ಕೆ ಕೊಡುವುದಿಲ್ಲ ಎಂದು ತೋರಿಸಿತು. ಮುನ್ಸಿದ್ಧತೆಗೆ ಹಾಕಿದ ಒಂದು ಡಾಲರ್ ಮುಂದಿನ ಹಾನಿಯಲ್ಲಿ ಸುಮಾರು ಹದಿನೈದು ಡಾಲರ್ ಉಳಿಸುತ್ತದೆಂಬ ಅಂದಾಜೂ ಅದರಲ್ಲೇ ಇದೆ. ಹೀಗಾಗಿ ನಾವು ದೂರುತ್ತಿರುವ ಆಳುವವರು ಬಹುಮಟ್ಟಿಗೆ ನಮ್ಮ ಮೆಚ್ಚುಗೆಯ ದಿಕ್ಕನ್ನೇ ಅನುಸರಿಸುತ್ತಿದ್ದಾರೆ.

ಎರಡನೆಯ ಕಾರಣ, ನಿಯಮಕ್ಕೂ ಅದರ ಜಾರಿಗೂ ನಡುವಿನ ಅಂತರ. ಟರ್ಕಿಯಲ್ಲಿ 1999ರ ಭೂಕಂಪದ ನಂತರ ಒಳ್ಳೆಯ ಕಟ್ಟಡ ನಿಯಮಗಳು ಬಂದವು. 2018ರಲ್ಲಿ, ಅನುಮತಿಯಿಲ್ಲದ ಕಟ್ಟಡಗಳನ್ನು ಶುಲ್ಕ ಪಡೆದು ಸಕ್ರಮಗೊಳಿಸುವ ಯೋಜನೆಯೂ ಬಂತು. 2023ರ ಫೆಬ್ರುವರಿ 6ರ ಭೂಕಂಪಗಳಲ್ಲಿ ಆ ದೇಶವೊಂದರಲ್ಲೇ 50,000ಕ್ಕೂ ಹೆಚ್ಚು ಜನ ಸತ್ತರು. ಹಣ ಕಟ್ಟಿದರೆ ಕಾಗದ ಸಕ್ರಮವಾಗುತ್ತದೆ, ಕಂಬ ಆಗುವುದಿಲ್ಲ.

ಅಂತರರಾಷ್ಟ್ರೀಯ ಒಪ್ಪಂದಗಳಿಗೇನೂ ಬರವಿಲ್ಲ. 2015ರ ಮಾರ್ಚ್ 18ರಂದು ಜಪಾನಿನ ಸೆಂಡಾಯ್ ನಗರದಲ್ಲಿ ಒಪ್ಪಿದ ಚೌಕಟ್ಟು 2030ರೊಳಗೆ ಸಾವು, ಬಾಧಿತರ ಸಂಖ್ಯೆ, ಆರ್ಥಿಕ ನಷ್ಟ ಮುಂತಾದವನ್ನು ತಗ್ಗಿಸುವುದೂ ಸೇರಿದಂತೆ ಏಳು ಗುರಿಗಳನ್ನು ಇಟ್ಟಿದೆ. ಜಗತ್ತಿನ ಪ್ರತಿಯೊಬ್ಬರಿಗೂ 2027ರೊಳಗೆ ಮುನ್ನೆಚ್ಚರಿಕೆ ತಲುಪಬೇಕೆಂದು ವಿಶ್ವಸಂಸ್ಥೆ 2022ರಲ್ಲಿ ಘೋಷಿಸಿತು. ಸೆಂಡಾಯ್ ಒಪ್ಪಂದವಾಗಿ ಐದು ವಾರ ಕಳೆದಿತ್ತಷ್ಟೆ, ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾಗಿ ಸುಮಾರು 9,000 ಜನ ಸತ್ತರು, ಸಾವಿರಾರು ತರಗತಿ ಕೋಣೆಗಳು ಕುಸಿದವು. ಅಂದು ಶನಿವಾರ, ಅಲ್ಲಿನ ವಾರದ ರಜೆ. ಮಕ್ಕಳು ಉಳಿದದ್ದು ಪಂಚಾಂಗದಿಂದ. ಆದರೆ ಕಠ್ಮಂಡು ಕಣಿವೆಯಲ್ಲಿ ಆ ಮೊದಲೇ ಗೋಡೆಗಳನ್ನು ಬಲಪಡಿಸಿದ್ದ ಶಾಲೆಗಳು ಬಹುತೇಕ ಗಟ್ಟಿಯಾಗಿ ನಿಂತವು, ಅವುಗಳಲ್ಲಿ ಹಲವು ಮನೆ ಕಳೆದುಕೊಂಡವರ ಆಸರೆಯಾದವು. ನಮ್ಮ ಅಭಿಪ್ರಾಯದಲ್ಲಿ, ಒಂದು ದೇಶ ಈ ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ ಶಾಲೆ ಮತ್ತು ಆಸ್ಪತ್ರೆಗಳಿಂದ ಎನ್ನಬೇಕು.

ಪ್ರಶ್ನೆ: ನವೆಂಬರ್ 5ನ್ನು ಸುನಾಮಿ ಜಾಗೃತಿ ದಿನವೆಂದು ಆಚರಿಸುವುದು ಏಕೆ? 2004ರ ಸುನಾಮಿ ಬಂದದ್ದು ಡಿಸೆಂಬರ್‌ನಲ್ಲಲ್ಲವೆ?

ಉತ್ತರ: ಆ ದಿನಾಂಕ 1854ರ ಜಪಾನಿನದು, ಅದೂ ಅವರ ಹಳೆಯ ಪಂಚಾಂಗದ ಪ್ರಕಾರ. ಈಗಿನ ಹಿರೊಗಾವಾ ಪಟ್ಟಣದ ಜಾಗದಲ್ಲಿದ್ದ ಹಳ್ಳಿಯಲ್ಲಿ ಅಂದು ಸಂಜೆ ಭೂಕಂಪವಾಗಿ ಕಡಲು ಏರಿ ಬಂದಾಗ, ಹಮಾಗುಚಿ ಗೊರ್ಯೊ ಎಂಬ ಸ್ಥಿತಿವಂತರು ಕೊಯ್ದು ಒಟ್ಟಿದ್ದ ಹುಲ್ಲು ಮೆದೆಗಳಿಗೆ ಬೆಂಕಿ ಹಚ್ಚಿಸಿ, ಕತ್ತಲಲ್ಲಿ ದಿಕ್ಕು ಕಾಣದೆ ಓಡುತ್ತಿದ್ದವರಿಗೆ ಎತ್ತರದ ನೆಲದ ದಾರಿ ತೋರಿಸಿದರು. 2015ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಆ ದಿನವನ್ನು ಆರಿಸಿತು. ಬೆಂಕಿಯ ಕಥೆ ಎಲ್ಲರಿಗೂ ಗೊತ್ತು, ಮುಂದಿನದನ್ನು ಹೇಳುವವರು ಕಡಿಮೆ. ಮನೆ, ದೋಣಿ, ಬಲೆ ಕಳೆದುಕೊಂಡ ಜನ ಊರು ಬಿಟ್ಟು ಹೊರಡಲು ಸಿದ್ಧರಾಗಿದ್ದಾಗ, ಹಮಾಗುಚಿ ತಮ್ಮ ಹಣದಿಂದ ಕಡಲಂಚಿನಲ್ಲಿ ಸುಮಾರು 600 ಮೀಟರ್ ಉದ್ದದ, 5 ಮೀಟರ್ ಎತ್ತರದ ಏರಿ ಕಟ್ಟಿಸತೊಡಗಿದರು. ಅದಕ್ಕೆ ಆ ಹಳ್ಳಿಯವರನ್ನೇ ಕೂಲಿಗೆ ಹಚ್ಚಿ ದಿನದಿನದ ಕೂಲಿ ಕೊಟ್ಟರು. ಕೆಲಸ ನಾಲ್ಕು ವರ್ಷ ನಡೆದು 1858ರಲ್ಲಿ ಮುಗಿಯಿತು. 1946ರಲ್ಲಿ ಮತ್ತೆ ಸುನಾಮಿ ಬಂದಾಗ ಏರಿಯ ಹಿಂದಿದ್ದ ಬಹುಪಾಲು ಮನೆಗಳು ಉಳಿದವು. ಏರಿ ಇಂದಿಗೂ ಅಲ್ಲಿದೆ.